ಉಡುಪಿಯಲ್ಲಿದ್ದುಕೊಂಡೇ ದಿವಾಳಿ ಕೇಸು ನಡೆಸಬಹುದಾ?

ಎಲ್‌ಎಲ್‌ಬಿ ಮುಗಿಸಿ ಉಡುಪಿಯಲ್ಲೇ ಇದ್ದು ಕಂಪನಿ ದಿವಾಳಿ ಕೇಸು ಮಾಡಬಹುದಾ, ಜೊತೆಗೆ ಊರಿನವರಿಗೂ ಏನಾದರೂ ಉಪಕಾರ ಆಗುತ್ತಾ ಅಂತ ಕೇಳಿದ್ದೀರಿ.

ಶುರುವಿನಲ್ಲಿ ಕಷ್ಟ. ಇಂಥ ಕೇಸು ಕೇಳುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ (ಎನ್‌ಸಿಎಲ್‌ಟಿ) ಪೀಠ ಇರುವುದು ಬೆಂಗಳೂರಿನಲ್ಲಿ, ಅಪೀಲು ಹೋದರೆ ಚೆನ್ನೈ. ಕೆಲವು ವರ್ಷ ಬೆಂಗಳೂರಿನಲ್ಲಿ ಒಳ್ಳೆ ಸೀನಿಯರ್ ಹತ್ತಿರ ಕಲಿಯಿರಿ, ಆಮೇಲೆ ಊರಿಗೆ ಬನ್ನಿ. ಸೆಕ್ಷನ್ ಬಾಯಿಪಾಠ ಇದ್ದರೆ ಸಾಲದು, ಬ್ಯಾಲೆನ್ಸ್ ಶೀಟ್ ಓದಲು ಬರಬೇಕು. 2016ರ ದಿವಾಳಿ ಕಾಯ್ದೆಯಲ್ಲಿ ಕೇಸು ಮುಗಿಸಲು ಗಡುವು 180 ದಿನ, ಎಳೆದರೆ 330. ನಿಜದಲ್ಲಿ ಎಷ್ಟೋ ಕೇಸು ಅದನ್ನೂ ದಾಟುತ್ತದೆ ಬಿಡಿ.

ನಿಮ್ಮ ಎರಡನೇ ಪ್ರಶ್ನೆ ಇಷ್ಟವಾಯಿತು. ಒಂದು ಗೇರುಬೀಜದ ಕಂಪನಿ ದಿವಾಳಿಗೆ ಹೋಯಿತು ಅಂತಿಟ್ಟುಕೊಳ್ಳಿ. ಬ್ಯಾಂಕಿನವರು ವಕೀಲರನ್ನು ಕಟ್ಟಿಕೊಂಡೇ ಬರುತ್ತಾರೆ, ಬೀಜ ಸುಲಿಯುವ ಅಕ್ಕನಿಗೆ ಮಾತ್ರ ಬಾಕಿ ಸಂಬಳ ಕೇಳಲು ಫಾರ್ಮ್ ಡಿ ಅಂತ ಒಂದಿದೆ ಅನ್ನುವುದೇ ಗೊತ್ತಿರುವುದಿಲ್ಲ. ಬಾಕಿ ಬರಬೇಕಾದವರು ಕೇಳಿ ಅಂತ ಪೇಪರಿನಲ್ಲಿ ಪ್ರಕಟಣೆ ಬಂದ ಕೂಡಲೇ ಇಂಥ ಕಾರ್ಮಿಕರ ಹತ್ತಿರ ಹೋಗಿ, ಸಂಬಳದ ಚೀಟಿ, ಪಿಎಫ್ ನಂಬರ್, ಪಾಸ್‌ಬುಕ್ ಎಲ್ಲ ಹುಡುಕಿಸಿ ಜೋಡಿಸಿ ಫಾರ್ಮ್ ತುಂಬಿಸಿಕೊಡಿ. ಕೊನೆಗೆ ಆಸ್ತಿ ಮಾರುವ ಹಂತಕ್ಕೇ ಬಂದರೆ, ಅದಕ್ಕೆ ಹಿಂದಿನ 24 ತಿಂಗಳ ಕೂಲಿ ಬಾಕಿಗೂ ಅಡಮಾನದ ಹಕ್ಕು ಬಿಟ್ಟುಕೊಟ್ಟ ಬ್ಯಾಂಕಿಗೂ ದುಡ್ಡು ಹಂಚುವಾಗ ಒಂದೇ ಸ್ಥಾನ. ಪಿಎಫ್ ದುಡ್ಡಂತೂ ಸಾಲ ಕೊಟ್ಟ ಬೇರೆಯವರಿಗೆ ಹಂಚುವ ಲೆಕ್ಕಕ್ಕೇ ಬರುವುದಿಲ್ಲ.

ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಪ್ಯಾನೆಲ್‌ಗೂ ಮುಂದೆ ಅರ್ಜಿ ಹಾಕಿ. ಒಂದೇ ಮಾತು: ಅದೇ ಕೇಸಿನಲ್ಲಿ ನಿಮ್ಮ ಆಫೀಸು ಬ್ಯಾಂಕಿನ ಪರ ಇದ್ದರೆ ಕಾರ್ಮಿಕರ ಕಡೆ ಸುಮ್ನೆ ಸಲಹೆ ಕೊಡಲೂ ಹೋಗಬೇಡಿ, ಬೇರೆ ವಕೀಲರ ಹತ್ತಿರ ಕಳಿಸಿ.