ಗಾಜಿನ ಮೇಲೆ ಬರೆದ ಹಳೆಯ ಇಟಾಲಿಯನ್ ಪಟ ಕೊಂಡೆ, ನೇಪಲ್ಸಿನ ಚಿತ್ರಕಾರ ಲೂಕಾ ಜೊರ್ಡಾನೋ ಕಾಲದ್ದು ಅಂತ ಮಾರಿದವರು ಹೇಳಿದರು. ಒಳಗೆ ಮಬ್ಬು ಕಟ್ಟಿದೆ, ಬಿಚ್ಚಿ ಯಾವುದರಿಂದ ಒರೆಸಲಿ?

ಯಾವುದರಿಂದಲೂ ಬೇಡ. ಚೌಕಟ್ಟನ್ನೇ ಬಿಚ್ಚಬೇಡಿ. ನಾನು ಬಿಚ್ಚಿ, ಒರೆಸಿ, ಒಂದು ಒಳ್ಳೆಯ ಪಟ ಹಾಳು ಮಾಡಿದ್ದೇನೆ.

ಇಟಲಿಯ ಪಾಲೆರ್ಮೋ ಊರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಸಾಂತಾ ರೊಸಾಲಿಯಾ ಪಟ ಸಿಕ್ಕಿತ್ತು. 1624ರ ಪ್ಲೇಗಿನಿಂದ ಊರನ್ನು ಕಾಪಾಡಿದಳು ಅಂತ ಅಲ್ಲಿಯವರು ನಂಬುವ ಕ್ರೈಸ್ತ ಸಂತ ತಾಯಿ. ತಲೆಗೆ ಗುಲಾಬಿ ದಂಡೆ, ಪಕ್ಕದಲ್ಲಿ ತಲೆಬುರುಡೆ, ಹಿಂದೆ ಕತ್ತಲೆಯ ಗುಹೆ. ಮನೆಗೆ ತಂದು ಹಿಂದಿನ ಹಲಗೆ ತೆಗೆದೆ. ಒಳಗೆಲ್ಲ ಕಂದು ಬಣ್ಣದ ಪುಡಿಪುಡಿ ಪದರ. ಕೊಳೆ ಅಂದುಕೊಂಡು ಒದ್ದೆ ಹತ್ತಿಯಿಂದ ಒರೆಸಿದೆ, ಸಲೀಸಾಗಿ ಬಂತು. ತಿರುಗಿಸಿ ನೋಡಿದರೆ ಗುಹೆಯೇ ಇಲ್ಲ. ಆ ಜಾಗದಲ್ಲಿ ಬರೀ ಗಾಜು, ಅದರಾಚೆ ನನ್ನ ಬೆರಳು.

ಯಾಕೆ ಅಂದ್ರೆ, ಈ ಪಟಗಳನ್ನು ಗಾಜಿನ ಹಿಂಬದಿಯಲ್ಲಿ ಉಲ್ಟಾ ಬರೆಯುತ್ತಾರೆ. ಕ್ಯಾನ್ವಾಸಿನಲ್ಲಿ ಕೊನೆಗೆ ಬರುವ ಕಣ್ಣಿನ ಹೊಳಪು, ತುಟಿಯ ಗೆರೆ ಇಲ್ಲಿ ಮೊದಲು. ಅದರ ಮೇಲೆ ಕೆನ್ನೆಯ ಬಣ್ಣ, ಆಮೇಲೆ ಬಟ್ಟೆ, ಎಲ್ಲಕ್ಕಿಂತ ಕೊನೆಗೆ ಹಿನ್ನೆಲೆ. ಹಾಗಾಗಿ ಹಿಂದಿನಿಂದ ನೋಡಿದಾಗ ಕೈಗೆ ಮೊದಲು ಸಿಗುವುದು ಹಿನ್ನೆಲೆಯೇ. ನಾನು ಕೊಳೆ ಅಂದುಕೊಂಡದ್ದು ಆ ಗುಹೆ. ಅಷ್ಟಕ್ಕೇ ನಿಲ್ಲಲಿಲ್ಲ. ಗಾಜು ನುಣುಪು, ಬಣ್ಣ ಕಚ್ಚಿಕೊಳ್ಳಲು ಏನೂ ಇಲ್ಲ, ಅಂಟು ಒಣಗಿ ಹೋಗಿರುತ್ತೆ. ಹತ್ತಿಯ ನೀರು ಪಕ್ಕದ ಬಿರುಕುಗಳಿಗೆ ಇಳಿದು, ನಾನು ಮುಟ್ಟದೇ ಇದ್ದ ದಂಡೆಯ ಹೂಗಳೂ ಚಕ್ಕೆಯಾಗಿ ಎದ್ದವು.

ನಿಮ್ಮ ಪಟದ ಮಬ್ಬು ಕೊಳೆಯೇ ಇರಬೇಕು ಅಂತ ಯಾಕೆ ಅಂದುಕೊಂಡಿರಿ? ಬಣ್ಣ ಗಾಜನ್ನು ಬಿಟ್ಟು ಎದ್ದರೆ ನಡುವೆ ಗಾಳಿ ಸೇರಿ ಮುಂದಿನಿಂದ ಹಾಗೇ ಬಿಳಿಚಿದಂತೆ ಕಾಣುತ್ತೆ. ಒರೆಸಿದರೆ ಮಬ್ಬಿನ ಜೊತೆ ಚಿತ್ರವೂ ಹೋಗುತ್ತೆ. ನಮ್ಮ ಮೈಸೂರು, ತಂಜಾವೂರಿನ ಹಳೆಯ ಗಾಜಿನ ಪಟಗಳಿಗೂ ಇದೇ ಮಾತು.

ಈಗಲೇ ಗೋಡೆಯಿಂದ ಇಳಿಸಿ, ಗಾಜು ಕೆಳಗೆ ಬರುವಂತೆ ಮಲಗಿಸಿಡಿ, ಎದ್ದ ಚಕ್ಕೆ ಜಾರಲ್ಲ. ಬಿಸಿಲು, ತೇವ ಬೇಡ. ಮುಂಭಾಗಕ್ಕೂ ಸ್ಪ್ರೇ ಹೊಡೆಯಬೇಡಿ, ಅಂಚಿನಿಂದ ಒಳಗೆ ಇಳಿಯುತ್ತೆ. ಗಾಜು ಬಿರುಕು ಬಿಟ್ಟಿದ್ದರೂ ಫ್ರೇಮ್ ಅಂಗಡಿಯವರು ಹೊಸದು ಹಾಕ್ತೀವಿ ಅಂದರೆ ಒಪ್ಪಬೇಡಿ, ಚಿತ್ರ ಇರುವುದೇ ಆ ಗಾಜಿನಲ್ಲಿ.

ನೇಪಲ್ಸಿನ ಲೂಕಾ ಜೊರ್ಡಾನೋ ಕಾಲದ್ದು ಅಂತ ಮಾರಿದವರು ಹೇಳಿದರು ಅಂದಿರಿ. ಜೊರ್ಡಾನೋ (1634–1705) ಶಿಷ್ಯ ಕಾರ್ಲೋ ಗರೊಫಾಲೋ ಗಾಜಿನ ಮೇಲೆ ಬರೆದದ್ದು ನಿಜ, ಆದರೆ ಅಂಗಡಿಯ ಮಾತಿಗೆ ನಾನಂತೂ ಜಾಸ್ತಿ ಬೆಲೆ ಕೊಡಲ್ಲ. ದುಡ್ಡು ಖರ್ಚು ಮಾಡುವುದಿದ್ದರೆ ಹಳೆಯ ಚಿತ್ರ ಉಳಿಸಿ ಸರಿಪಡಿಸುವ ಕನ್ಸರ್ವೇಟರ್‌ಗೆ ಕೊಡಿ. ಕ್ಯಾನ್ವಾಸ್ ಮಾತ್ರ ಮಾಡಿದವರು ಸಾಲದು, ಗಾಜಿನ ಹಿಂಬದಿಯ ಬಣ್ಣ ಕೂರಿಸಿದ ಅನುಭವ ಇದೆಯಾ ಅಂತ ಫೋನಿನಲ್ಲೇ ಕೇಳಿಬಿಡಿ.