ದೇವರನ್ನು ನಂಬದ ಅಮೆರಿಕನ್ನರಿಗೆ ಬೌದ್ಧ ಕೇಂದ್ರದಲ್ಲಿ ಪೂಜೆ, ಮಂತ್ರ ಯಾಕೆ ಬೇಕು?

ಧ್ಯಾನ ಕಲಿಯಲು ಬರುವ ಪಾಶ್ಚಾತ್ಯರಿಗೆ ಗಂಟೆ, ಮಂತ್ರ, ಎಲ್ಲರನ್ನೂ ದುಃಖದಿಂದ ಪಾರುಮಾಡಲು ನಿಂತ ಬೋಧಿಸತ್ತ್ವರ ಮೂರ್ತಿ ಎಲ್ಲ ಯಾಕೆ, ಉಸಿರು ಗಮನಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಉಸಿರಿನ ಧ್ಯಾನದಿಂದ ನನಗೆ ಬಹಳ ಉಪಕಾರವಾಗಿದೆ. ಆದರೆ ಅದು ಸಾಲದ ಕಾಲವೂ ಬಂತು.

ನಾವಿರುವುದು ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ನಮ್ಮ ಮೊದಲ ಕೂಸು ಐದು ತಿಂಗಳಿಗೆ ಹೊಟ್ಟೆಯಲ್ಲೇ ಹೋಯಿತು. ಹೆಸರಿಡದ ಮಗುವಿಗೆ ನಮ್ಮ ಮನೆಯ ಪದ್ಧತಿಯಲ್ಲಿ ತಿಥಿಯಿಲ್ಲ, ಏನೂ ಇಲ್ಲ. "ಅದನ್ನೇ ನೆನೆಸ್ಕೊಂಡು ಕೂರಬೇಡ ಮಗಾ" ಅಂತ ಊರಿಂದ ಅಮ್ಮ ಫೋನಿನಲ್ಲಿ ಹೇಳುತ್ತಿದ್ದರು. ಕಣ್ಣು ಮುಚ್ಚಿ ಕೂತರೆ ನನಗೆ ಸ್ಕ್ಯಾನಿಂಗ್ ಕೋಣೆಯೇ ಎದುರಿಗೆ ಬರುತ್ತಿತ್ತು.

ಗೆಳೆಯರೊಬ್ಬರು ನಮ್ಮನ್ನು ಜಪಾನಿನ ಜೆನ್ ಬೌದ್ಧ ಪಂಥದ ಒಂದು ಧ್ಯಾನ ಕೇಂದ್ರದ ಜಿಜೋ ವಿಧಿಗೆ ಕರೆದೊಯ್ದರು. ಜಿಜೋ ಅಂದರೆ ಸಂಸ್ಕೃತದ ಕ್ಷಿತಿಗರ್ಭ ಬೋಧಿಸತ್ತ್ವ. ಎಳೆಯದರಲ್ಲೇ ಸತ್ತ ಮಕ್ಕಳು ಪರಲೋಕದ ಹೊಳೆದಂಡೆಯಲ್ಲಿ ಅಪ್ಪ ಅಮ್ಮನ ಪುಣ್ಯಕ್ಕಾಗಿ ಕಲ್ಲು ಪೇರಿಸುತ್ತವಂತೆ, ರಾಕ್ಷಸರು ಬಂದು ಕೆಡವುತ್ತಾರಂತೆ. ಆಗ ಜಿಜೋ ಆ ಮಕ್ಕಳನ್ನು ತನ್ನ ನಿಲುವಂಗಿಯೊಳಗೆ ಬಚ್ಚಿಡುತ್ತಾನೆ. ಇದು ಜಪಾನಿನ ಜನಪದ ಕಥೆ. ಹುಟ್ಟುವ ಮೊದಲೇ ಹೋದ ಮಗುವನ್ನು ಅಲ್ಲಿ 'ಮಿಜುಕೊ' ಅನ್ನುತ್ತಾರೆ, ನೀರಿನ ಮಗು.

ಉದ್ದನೆಯ ಮೇಜು, ಕೆಂಪು ಬಟ್ಟೆ, ಸೂಜಿ ದಾರ. ಜಿಜೋ ಮೂರ್ತಿಯ ಕುತ್ತಿಗೆಗೆ ಕಟ್ಟಲು ಎಲ್ಲರೂ ಪುಟ್ಟ ಜೊಲ್ಲುಬಟ್ಟೆ ಹೊಲಿಯಬೇಕು, ಮಾತಿಲ್ಲ. ಊರಿಂದ ಹೊರಡುವಾಗ ಅಮ್ಮ ಮಡಿಲು ತುಂಬಿ ಕೊಟ್ಟಿದ್ದ ಕೆಂಪು ರವಿಕೆ ಕಣವನ್ನು ನನ್ನ ಹೆಂಡತಿ ತಂದಿದ್ದಳು. ಅದನ್ನೇ ಕತ್ತರಿಸಿದಳು. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಹೆಂಗಸು. ತಾನು ಯಾವ ದೇವರನ್ನೂ ನಂಬುವವಳಲ್ಲ, ಮಗು ಹೋಗಿ 40 ವರ್ಷವಾಯಿತು ಎಂದು ಬಾಗಿಲಲ್ಲೇ ಹೇಳಿದ್ದರು. ಕೈ ನಡುಗಿ ಅವರಿಗೆ ದಾರ ಪೋಣಿಸಲಾಗಲಿಲ್ಲ, ನಾನು ಪೋಣಿಸಿಕೊಟ್ಟೆ.

ಆಮೇಲೆ ತೋಟದಲ್ಲಿ ಮಂತ್ರ. ಕೊನೆಯಲ್ಲಿ 'ಸೊವಕ' ಎಂದು ಕೇಳಿ ಬೆಚ್ಚಿದೆ. ಅದು ನಮ್ಮ 'ಸ್ವಾಹಾ'! ಓಂ ಹ ಹ ಹ ವಿಸ್ಮಯೇ ಸ್ವಾಹಾ ಎಂಬುದು ಚೀನಾ, ಜಪಾನ್ ಸುತ್ತಿ ಆರೆಗನ್ನಿನ ಮಳೆಯಲ್ಲಿ ನನ್ನ ಕಿವಿಗೆ ಬಿದ್ದಿತ್ತು.

ಜಿಜೋ ನಿಜವಾಗಿ ಇದ್ದಾನೆಂದು ನಂಬುತ್ತೀರಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಜಪಾನಿನಲ್ಲಿ 1970ರ ದಶಕದಿಂದ ಈ ವಿಧಿ ಬಹಳ ಹಬ್ಬಿತು. ಮಗುವಿನ ಶಾಪ ತಟ್ಟುತ್ತದೆ ಎಂದು ಹೆದರಿಸಿ ಹಣ ಮಾಡಿದ ದೇವಾಲಯಗಳೂ ಇದ್ದವು. ಅದು ತಪ್ಪು ಎಂದೇ ನಾನು ಹೇಳುತ್ತೇನೆ. ಅಮೆರಿಕದವರು ಆ ಭಯವನ್ನು ಬಿಟ್ಟು ಹೊಲಿಗೆಯನ್ನು ತಾವೇ ಕೈಗೆತ್ತಿಕೊಂಡರು.

ಧ್ಯಾನದಲ್ಲಿ ದೇವತೆಯ ರೂಪವನ್ನು ಕಲ್ಪಿಸಿಕೊಳ್ಳುವ ವಿಷಯವೂ ಹೀಗೆಯೇ. ಟಿಬೆಟಿನ ಬೌದ್ಧ ಸಾಧನೆಯಲ್ಲಿ ಹಸಿರು ತಾರೆ ಎಂಬ ದೇವಿಯನ್ನು ಕೈಯಲ್ಲಿನ ನೈದಿಲೆ, ಕೆಳಗೆ ಚಾಚಿದ ಬಲಗಾಲು ಸಮೇತ ಮನಸ್ಸಿನಲ್ಲಿ ಕಟ್ಟುತ್ತಾರೆ. ಕೊನೆಗೆ ಅವಳನ್ನು ಬೆಳಕಾಗಿಸಿ ಶೂನ್ಯದಲ್ಲಿ ಕರಗಿಸುತ್ತಾರೆ. ಮಣ್ಣಿನ ಗಣಪತಿಯನ್ನು ಕೂರಿಸಿ, ಪೂಜಿಸಿ, ಕೆರೆಗೆ ಬಿಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರ್ತಿಗೆ ತಲೆಬಾಗುವುದೇ ಪಾಪವೆಂದು ಕೇಳಿ ಬೆಳೆದ ಕ್ರೈಸ್ತ ಮನೆಯವರಿಗೆ ಮಾತ್ರ ಕಷ್ಟ. ಅದನ್ನು ದಾಟಿ ಬಂದವರನ್ನು ಕಂಡರೆ ನನಗೆ ಗೌರವ.

ವಿಧಿ ಬೇಡ ಎನ್ನುವವರು ಸುಮ್ಮನೆ ಧ್ಯಾನಕ್ಕೆ ಕೂರಲಿ, ನನ್ನ ತಕರಾರಿಲ್ಲ. ಆದರೆ 40 ವರ್ಷದ ಮೇಲೆ ಸೂಜಿ ಹಿಡಿದ ಆ ಹೆಂಗಸಿಗೆ ಉಸಿರು ಗಮನಿಸಿದರೆ ಸಾಕು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.