ವಾಪಸ್ ಅನುವಾದ ಹೊಂದಿತು, ರೋಗಿಗೆ ಅರ್ಥ ಆಯ್ತಾ?

ಪ್ರಶ್ನೆ: ನಾನು ಫಿಸಿಯೋಥೆರಪಿಸ್ಟ್. ದಿನನಿತ್ಯದ ಕೆಲಸಗಳಲ್ಲಿ ರೋಗಿಗೆ ಎಷ್ಟು ತೊಂದರೆ ಇದೆ ಎಂದು ಅಳೆಯುವ ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತಂದಿದ್ದೇವೆ. ಇನ್ನೊಬ್ಬರ ಕೈಯಲ್ಲಿ ಅದನ್ನು ವಾಪಸ್ ಇಂಗ್ಲಿಷಿಗೆ ಮಾಡಿಸಿದೆವು. ಮೂಲಕ್ಕೆ ಚೆನ್ನಾಗಿ ಹೊಂದಿತು. ಇನ್ನು ಬಳಸಬಹುದಾ?

ಉತ್ತರ: ಈಗಲೇ ಬೇಡ. ಅನುವಾದಕರು ಇಬ್ಬರಿಗೂ ಎರಡೂ ಭಾಷೆ ಬರುತ್ತದೆ. ನಿಮ್ಮ ರೋಗಿಗೆ ಬರುವುದು ಒಂದೇ, ಅಲ್ವಾ?

ಒಟ್ಟಾರೆ ಆರೋಗ್ಯ ಹೇಗಿದೆ ಎಂದು ಕೇಳುವ ಎಸ್‌ಎಫ್-36 ಪ್ರಶ್ನಾವಳಿಯ ಮೊದಲ ಆವೃತ್ತಿ ನೋಡಿ. ಮನಸ್ಸು ಕುಗ್ಗಿತ್ತಾ ಎಂದು ಕೇಳುವಾಗ ಅದರಲ್ಲಿ 'ಬ್ಲೂ' ಎಂಬ ಪದ ಇದೆ. ಅದನ್ನು 'ನೀಲಿ' ಎಂದು ಬರೆದರೆ ಕನ್ನಡದವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಆದರೆ ವಾಪಸ್ ಹೋಗುವಾಗ ಅದು ಮತ್ತೆ 'ಬ್ಲೂ' ಆಗಿಯೇ ಹೋಗುತ್ತದೆ. ತಪ್ಪು ಸಿಕ್ಕಿಬೀಳುವುದೇ ಇಲ್ಲ.

ಉತ್ತರದ ಆಯ್ಕೆಗಳನ್ನೂ ನೋಡಿಕೊಳ್ಳಿ. 'ಸಾಧಾರಣ ತೊಂದರೆ' ಎಂದು ಬರೆದಿದ್ದೀರಾ? ನಿಮ್ಮ ಲೆಕ್ಕದಲ್ಲಿ ಅದು 'ಸ್ವಲ್ಪ' ಮತ್ತು 'ತುಂಬಾ' ನಡುವಿನದು. ರೋಗಿಗೆ ಅದು 'ಮಾಮೂಲಿ' ಎಂದು ಕೇಳಿಸಬಹುದು.

ಇನ್ನು ಕ್ರಿಯಾಪದ. 'ಸ್ನಾನ ಮಾಡ್ತೀರಾ?' ಎಂದರೆ, ಮಗಳು ಬೆನ್ನು ಉಜ್ಜಿ ಮೈ ಒರೆಸಿದರೂ 'ಹೂಂ, ದಿನಾ ಮಾಡ್ತೀನಿ' ಅನ್ನುತ್ತಾರೆ. ಸುಳ್ಳಲ್ಲ, ಪ್ರಶ್ನೆಯೇ ಹಾಗಿದೆ. ದಿನನಿತ್ಯದ ಕೆಲಸಗಳನ್ನು ರೋಗಿ ಎಷ್ಟು ಸ್ವಂತವಾಗಿ ಮಾಡುತ್ತಾರೆ ಎಂದು ಅಳೆಯುವ 1965ರ ಬಾರ್ತೆಲ್ ಸೂಚ್ಯಂಕದಲ್ಲಿ ಸ್ನಾನಕ್ಕೆ 5 ಅಂಕ ಸಿಗುವುದು ಯಾರ ನೆರವೂ ಇಲ್ಲದೆ ಮಾಡಿದರೆ ಮಾತ್ರ. ಇಲ್ಲದಿದ್ದರೆ ಸೊನ್ನೆ. ಹಾಗಾಗಿ 'ಯಾರೂ ಕೈ ಹಾಕದೆ, ನೀವೊಬ್ಬರೇ' ಎಂಬ ಮಾತು ಪ್ರಶ್ನೆಯೊಳಗೇ ಇರಬೇಕು.

2000ನೇ ಇಸವಿಯಿಂದ ಜಾಸ್ತಿ ಬಳಕೆಯಲ್ಲಿರುವ ಕ್ರಮ ಹೀಗಿದೆ: ಇಬ್ಬರು ಬೇರೆಬೇರೆಯಾಗಿ ಅನುವಾದ ಮಾಡುತ್ತಾರೆ, ಅದರಲ್ಲಿ ಒಬ್ಬರಿಗೆ ವಿಷಯ ಗೊತ್ತಿರಬಾರದು. ಎರಡನ್ನೂ ಕೂಡಿಸಿ ಒಂದು ಮಾಡಿದ ಮೇಲೆ, ಮೂಲ ನೋಡದ ಇಬ್ಬರು ವಾಪಸ್ ಅನುವಾದ ಮಾಡುತ್ತಾರೆ. ತಜ್ಞರು ಕೂತು ತಿದ್ದುತ್ತಾರೆ. ಆಮೇಲೆ 30ರಿಂದ 40 ಜನರ ಮೇಲೆ ಪ್ರಯೋಗ.

ನೀವು ಬಿಟ್ಟಿರುವುದರಲ್ಲಿ ಈ ಕೊನೆಯದೂ ಇದೆ. ನನಗೆ ಅತಿ ಮುಖ್ಯ ಅನ್ನಿಸುವುದೂ ಅದೇ. ರೋಗಿಯ ಪಕ್ಕ ಕೂತು, 'ಇದು ಏನು ಕೇಳ್ತಿದೆ, ನಿಮ್ಮ ಮಾತಲ್ಲೇ ಹೇಳಿ' ಅನ್ನಿ. ಅವರು ತಡವರಿಸಿದ ಕಡೆ ಗುರುತು ಹಾಕಿ. ನೀವೇ ಬಿಡಿಸಿ ಹೇಳಬೇಡಿ, ಹೇಳಿದರೆ ತಪ್ಪು ಅಲ್ಲೇ ಮುಚ್ಚಿಹೋಗುತ್ತದೆ. ತಿದ್ದಿದ ಮೇಲೆ, ಸ್ಥಿತಿ ಬದಲಾಗದ ರೋಗಿಗಳಿಗೆ ಕೆಲವು ದಿನ ಬಿಟ್ಟು ಎರಡನೇ ಸಲ ಕೊಟ್ಟು ನೋಡಿ. ಅಂಕ ಹೆಚ್ಚುಕಮ್ಮಿ ಅಷ್ಟೇ ಬರಬೇಕು.

ಅಂದಹಾಗೆ, ಮೂಲ ಪ್ರಶ್ನಾವಳಿಯ ಹಕ್ಕು ಇರುವವರ ಅನುಮತಿ ಕೇಳಿದ್ದೀರಾ? ಇಲ್ಲದಿದ್ದರೆ ಇವತ್ತೇ ಬರೆಯಿರಿ. ಕನ್ನಡದ ಪ್ರತಿ ಅವರ ಹತ್ತಿರ ಆಗಲೇ ಇರಲೂಬಹುದು.